ಮೊದಲ ಬಾರಿ ರೇಖಿಗೆ ಮಲಗುವ ಮುನ್ನ

ಮಾನ್ಯ ಸಂಪಾದಕರೇ,

ರೇಖಿಯ ಬಗ್ಗೆ ಅಚ್ಚಾಗುವ ಬರಹಗಳು ಬಹುಪಾಲು ಎರಡೇ ಬಗೆ. ಒಂದರ ಪ್ರಕಾರ ಅದು ಸಕಲ ಕಾಯಿಲೆಗಳಿಗೂ ಮದ್ದು, ಇನ್ನೊಂದರ ಪ್ರಕಾರ ಬರೀ ಮೋಸ. ಎರಡನ್ನೂ ಓದಿ ಮುಗಿಸಿದವರಿಗೂ, ನಾಳೆ ಹೀಲರ್ (ರೇಖಿ ಕೊಡುವವರು) ಬಳಿ ಹೋಗಿ ಮಲಗಿದರೆ ಆ ಒಂದು ಗಂಟೆಯಲ್ಲಿ ಏನು ನಡೆಯುತ್ತದೆ, ಏನು ನಡೆಯಬಾರದು ಎಂಬುದು ತಿಳಿಯುವುದಿಲ್ಲ. ರೇಖಿ ಕೊಡುವ, ಕಲಿಸುವ ಕೆಲಸದಲ್ಲಿರುವ ನಾವು ಆ ಕೊರತೆ ನೀಗಲೆಂದು ಈ ಪತ್ರ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಮನ್ನಿಸಬೇಕು. ಚುಟುಕಾಗಿ ಬರೆದರೆ ಕೈ ಎಲ್ಲಿಡಬೇಕು, ಎಲ್ಲಿಡಬಾರದು ಎಂಬಂಥ ಮುಖ್ಯ ವಿವರಗಳೇ ಬಿಟ್ಟುಹೋಗುತ್ತವೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ರೇಖಿಯೆಂದರೆ ಶಾಂತವಾದ ಕೋಣೆಯಲ್ಲಿ, ಬಟ್ಟೆ ತೊಟ್ಟೇ ಮಲಗಿ, ಇನ್ನೊಬ್ಬರ ಅಂಗೈಯ ಹಗುರ ಸ್ಪರ್ಶದಡಿ ಪಡೆಯುವ ವಿಶ್ರಾಂತಿ. ಆ ವಿಶ್ರಾಂತಿಗೆ ಬೆಲೆಯಿದೆ. ಅದು ಔಷಧದ ಜಾಗಕ್ಕೆ ಬರುವಂಥದ್ದಲ್ಲ, ರೋಗ ಪತ್ತೆಹಚ್ಚುವ ವಿಧಾನವೂ ಅಲ್ಲ. ಮೊದಲ ಬಾರಿ ಹೋಗುವವರು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.

ಇದರ ಮೂಲ ಜಪಾನ್. ಮಿಕಾವೊ ಉಸುಯಿ (1865–1926) ಕ್ಯೋಟೊ ಸಮೀಪದ ಕುರಾಮಾ ಬೆಟ್ಟದಲ್ಲಿ 21 ದಿನ ಉಪವಾಸ, ಕಠಿಣ ಸಾಧನೆಯಲ್ಲಿದ್ದಾಗ ರೇಖಿಯ ಅನುಭವ ಪಡೆದರೆಂದು ಅವರ ಶಿಷ್ಯರು 1927ರಲ್ಲಿ ಟೋಕಿಯೊದಲ್ಲಿ ನಿಲ್ಲಿಸಿದ ಸ್ಮಾರಕ ಶಿಲೆ ಹೇಳುತ್ತದೆ. 1922ರಿಂದ ಅವರು ಟೋಕಿಯೊದಲ್ಲಿ ಕಲಿಸತೊಡಗಿದರು. ಅವರ ಶಿಷ್ಯ, ನೌಕಾಪಡೆಯ ನಿವೃತ್ತ ಅಧಿಕಾರಿ ಚುಜಿರೊ ಹಯಾಶಿ ಚಿಕಿತ್ಸಾಲಯ ನಡೆಸುತ್ತಾ ಕೈ ಇಡುವ ಕ್ರಮವನ್ನು ವ್ಯವಸ್ಥಿತಗೊಳಿಸಿದರು. 1935ರಲ್ಲಿ ಆ ಚಿಕಿತ್ಸಾಲಯಕ್ಕೆ ಉಪಚಾರಕ್ಕೆಂದು ಬಂದ ಹವಾಯಿಯ ಹವಾಯೊ ತಕಾತಾ, ಕಲಿತು ಊರಿಗೆ ಮರಳಿ, 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕಲಿಸುವ ಅರ್ಹತೆಯ 22 ಮಂದಿ ಮಾಸ್ಟರ್‌ಗಳನ್ನು ತಯಾರು ಮಾಡಿದ್ದರು. ಜಪಾನಿನ ಆಚೆ ಇಂದು ನಡೆಯುವ ರೇಖಿಯಲ್ಲಿ ಹೆಚ್ಚಿನದು ಈ ಸಾಲಿನಿಂದಲೇ ಹರಿದುಬಂದದ್ದು. ಉಸುಯಿ ಕ್ರೈಸ್ತ ಕಾಲೇಜಿನ ಮುಖ್ಯಸ್ಥರಾಗಿದ್ದರು, ಷಿಕಾಗೊದಲ್ಲಿ ಪದವಿ ಪಡೆದಿದ್ದರು ಎಂಬ ಕತೆಗಳನ್ನು ಕೆಲವು ತರಗತಿಗಳಲ್ಲಿ ಈಗಲೂ ಹೇಳುತ್ತಾರೆ. ಅವಕ್ಕೆ ದಾಖಲೆಯ ಆಧಾರ ಸಿಕ್ಕಿಲ್ಲ. ‘ಸಾವಿರಾರು ವರ್ಷಗಳ ವಿದ್ಯೆ’ ಎಂಬ ಮಾತನ್ನೂ ನಂಬಬೇಕಿಲ್ಲ. ರೇಖಿಗೆ ನೂರು ವರ್ಷ ದಾಟಿದೆ, ಅಷ್ಟೇ. ಹಳೆಯದೆಂದ ಮಾತ್ರಕ್ಕೆ ಒಂದು ಪದ್ಧತಿ ಒಳ್ಳೆಯದಾಗುವುದೂ ಇಲ್ಲ.

ಹೀಗೆ ಕೈಯಿಂದ ಕೈಗೆ ದಾಟಿ ಬಂದ ಕಾರಣ ಒಬ್ಬೊಬ್ಬ ಹೀಲರ್ ಅನುಸರಿಸುವ ಕ್ರಮ ಒಂದೊಂದು ಬಗೆ. ಒಬ್ಬರು ತಲೆಯಿಂದ ಶುರು ಮಾಡುತ್ತಾರೆ, ಇನ್ನೊಬ್ಬರು ಭುಜದಿಂದ. ಕೆಲವರು ಮೈ ಮುಟ್ಟುತ್ತಾರೆ, ಕೆಲವರು ಎರಡು ಮೂರು ಅಂಗುಲ ಮೇಲೆಯೇ ಕೈ ಹಿಡಿಯುತ್ತಾರೆ. ಕ್ರಮ ಬೇರೆಯಾದರೆ ಗಾಬರಿ ಬೇಡ. ಯಾವ ಕ್ರಮವೆಂದು ಮೊದಲೇ ಹೇಳದಿದ್ದರೆ ಮಾತ್ರ ಕೇಳಿ ತಿಳಿಯಬೇಕು.

ಇನ್ನು ವಿಜ್ಞಾನ. ಅಂಗೈಯಿಂದ ಹರಿಯುತ್ತದೆಂದು ರೇಖಿ ಹೇಳುವ ‘ಪ್ರಾಣಶಕ್ತಿ’ಯನ್ನು ಈವರೆಗೆ ಯಾವ ಉಪಕರಣವೂ ಅಳೆದು ತೋರಿಸಿಲ್ಲ. ರೇಖಿಯನ್ನೇ ಹೋಲುವ ‘ಥೆರಪ್ಯೂಟಿಕ್ ಟಚ್’ ಎಂಬ ಪದ್ಧತಿಯ 21 ಮಂದಿಯನ್ನು ಪರೀಕ್ಷಿಸಿದ ಪ್ರಯೋಗವೊಂದು 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರದೆಯ ಆಚೆ ತಮ್ಮ ಯಾವ ಕೈಯ ಬಳಿ ಇನ್ನೊಬ್ಬರ ಕೈ ಇದೆಯೆಂದು ಅವರು ಹೇಳಬೇಕಿತ್ತು. 280 ಸಲದಲ್ಲಿ ಸರಿಯಾದದ್ದು ಶೇ 44. ಕಣ್ಣು ಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗಬೇಕಿತ್ತು. 2008ರಲ್ಲಿ ಫೈಬ್ರೊಮಯಾಲ್ಜಿಯ ಎಂಬ ದೀರ್ಘಕಾಲದ ಮೈನೋವಿರುವ 100 ಜನರ ಮೇಲೆ ನಡೆದ ಅಧ್ಯಯನದಲ್ಲಿ, ರೇಖಿ ಮಾಸ್ಟರ್‌ಗಳು ಕೊಟ್ಟದ್ದಕ್ಕೂ ಮಾಸ್ಟರ್‌ಗಳಂತೆ ನಟಿಸಿದವರು ಕೊಟ್ಟದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಕೀಮೊಥೆರಪಿ ಪಡೆಯುತ್ತಿದ್ದ 189 ಜನರ ಅಧ್ಯಯನದ ಫಲಿತಾಂಶ ನಮಗೆ ಇನ್ನೂ ಮುಖ್ಯವೆನಿಸುತ್ತದೆ. ಅಲ್ಲಿ ನಿಜವಾದ ರೇಖಿ ಪಡೆದವರಿಗೂ ನಕಲಿ ರೇಖಿ ಪಡೆದವರಿಗೂ ಎರಡೂ ಇಲ್ಲದವರಿಗಿಂತ ಹೆಚ್ಚು ಹಾಯೆನಿಸಿತು. ಆದರೆ ನಿಜಕ್ಕೂ ನಕಲಿಗೂ ನಡುವೆ ಅಂತರವಿರಲಿಲ್ಲ. ಅಂದರೆ ಹಾಯೆನಿಸಿದ್ದು ಸುಳ್ಳಲ್ಲ. ಅದನ್ನು ತಂದುಕೊಟ್ಟದ್ದು ರೇಖಿ ಕಲಿಸುವಾಗ ಗುರು ಕೊಡುವ ದೀಕ್ಷೆ, ಚಿಹ್ನೆಗಳಿಗಿಂತ ಹೆಚ್ಚಾಗಿ ಪಕ್ಕದಲ್ಲೊಬ್ಬರು ಕೂತು ಗಮನಕೊಟ್ಟು ಮುಟ್ಟಿದ್ದೇ ಇರಬೇಕು. ಈ ಮಾತು ನಮ್ಮ ವೃತ್ತಿಯ ಹಲವರಿಗೆ ಹಿಡಿಸದು. ಆದರೂ ಇದನ್ನು ಮುಚ್ಚಿಟ್ಟು ಜನರನ್ನು ಕರೆಯುವುದು ನಮಗೆ ಸರಿಕಾಣುವುದಿಲ್ಲ.

ಈಗ ಕೆಲಸದ ವಿಷಯಕ್ಕೆ ಬರೋಣ.

ಸಮಯ ಗೊತ್ತುಮಾಡುವಾಗಲೇ ಕೆಲವು ಪ್ರಶ್ನೆ ಕೇಳಿ. ಸೆಷನ್ ಎಷ್ಟು ಹೊತ್ತು? ಎಲ್ಲೆಲ್ಲಿ ಮುಟ್ಟುತ್ತೀರಿ? ಕೋಣೆಯಲ್ಲಿ ಬೇರೆ ಯಾರಿರುತ್ತಾರೆ? ನಮ್ಮವರೊಬ್ಬರು ಜೊತೆಗೆ ಕೂರಬಹುದೇ? ಎಲ್ಲಿ, ಎಷ್ಟು ದಿನ ಕಲಿತಿದ್ದೀರಿ? ಶುಲ್ಕ ಒಂದು ಸಲದ್ದೋ, ಮುಂಗಡವಾಗಿ ಹತ್ತು ಸಲದ್ದೋ? ಪ್ರಮಾಣಪತ್ರವನ್ನು ಕೊಡುವವರು ಅವರ ಗುರುಗಳೇ ಹೊರತು ವೈದ್ಯಕೀಯ ಮಂಡಳಿಯಲ್ಲ. ಆದ್ದರಿಂದ ಗೋಡೆಯ ಮೇಲಿನ ಚೌಕಟ್ಟಿಗಿಂತ ಈ ಪ್ರಶ್ನೆಗಳಿಗೆ ಸಿಗುವ ಉತ್ತರದಿಂದಲೇ ಹೆಚ್ಚು ತಿಳಿಯುತ್ತದೆ. ನೇರ ಪ್ರಶ್ನೆಗೆ ಸಿಡುಕುವವರನ್ನು, ‘ನಂಬಿಕೆ ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ’ ಎನ್ನುವವರನ್ನು, ಇಷ್ಟು ಸಲಕ್ಕೆ ಗುಣ ಖಂಡಿತ ಎಂದು ಲೆಕ್ಕ ಕೊಡುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಮೊದಲ ಸಲವೇ ಹತ್ತು ಸಲದ ಹಣ ಕಟ್ಟಬೇಡಿ. ದೂರದಿಂದ, ಫೋನಿನಲ್ಲಿ ಕಳಿಸುವ ರೇಖಿಯಿಂದಂತೂ ಶುರುಮಾಡಲೇಬೇಡಿ. ಕೊಟ್ಟರೋ ಇಲ್ಲವೋ ಎಂದು ನೋಡಲು ಅಲ್ಲಿ ದಾರಿಯೇ ಇಲ್ಲ.

ಹೀಲರ್ ಕೂಡ ನಿಮ್ಮನ್ನು ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ: ಗರ್ಭಿಣಿಯೇ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ, ಗಾಯ, ಚರ್ಮದ ಸೋಂಕು, ಮೂಳೆ ಮುರಿತ ಇದೆಯೇ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆ, ಉಬ್ಬಸ ಇದೆಯೇ, ಹುಳಿತೇಗು ಬರುತ್ತದೆಯೇ. ಇವು ‘ಶಕ್ತಿ’ಯ ವಿಷಯಗಳಲ್ಲ, ಮಲಗುವ ಭಂಗಿ ಮತ್ತು ಸುರಕ್ಷತೆಯ ವಿಷಯಗಳು. ಗರ್ಭ ಐದು ತಿಂಗಳು ದಾಟಿದ ಮೇಲೆ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರಬಹುದು. ಎಡಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ದಿಂಬು ಕೊಡಬೇಕು. ಹುಳಿತೇಗಿನವರ ತಲೆ, ಎದೆಯನ್ನು ಎತ್ತರದಲ್ಲಿಡಬೇಕು. ಉಬ್ಬಸವಿದ್ದರೆ ಊದುಬತ್ತಿ, ಸುಗಂಧದ ಎಣ್ಣೆ ಯಾವುದೂ ಬೇಡ. ಪೇಸ್‌ಮೇಕರ್ ಹಾಕಿಸಿಕೊಂಡವರ ಎದೆಯ ಆ ಭಾಗದ ಮೇಲೆ ಕೈಯ ಭಾರ ಬೀಳಬಾರದು. ಹಿಂದೆ ಯಾವುದೋ ಕಹಿ ಕಾರಣಕ್ಕೆ ಸ್ಪರ್ಶವೇ ಆಗದವರು ಕಾರಣ ಹೇಳಬೇಕಾಗಿಲ್ಲ. ‘ಮುಟ್ಟದೆ, ಕೈ ಮೇಲೆ ಹಿಡಿದು ಮಾಡಿ’ ಅಂದರೆ ಸಾಕು.

ಅಂದು ಬೆಳಿಗ್ಗೆ ಮಾಮೂಲಿ ಮಾತ್ರೆಗಳನ್ನು ಮಾಮೂಲಿ ಹೊತ್ತಿಗೇ ತೆಗೆದುಕೊಳ್ಳಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು, ‘ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದು’ ಎಂಬ ಮಾತು ಕೇಳಿ ಊಟ ಬಿಡುವವರಿದ್ದಾರೆ. ಇದು ಅಪಾಯ. ಸಕ್ಕರೆ ಇಳಿದಾಗ ಬರುವ ಬೆವರು, ನಡುಕ, ಮಂಪರನ್ನು ರೇಖಿಯ ‘ಅನುಭವ’ವೆಂದು ಹೀಲರ್ ಕೂಡ ತಪ್ಪು ತಿಳಿಯಬಹುದು. ಭಾರೀ ಊಟವಾಗಿ ಎರಡು ಗಂಟೆ, ಹಗುರ ತಿಂಡಿಯಾಗಿ ಒಂದು ಗಂಟೆ ಬಿಟ್ಟು ಹೋದರೆ ಸಾಕು. ದಿನಾ ಕಾಫಿ ಕುಡಿಯುವವರು ಅಂದು ಪೂರ್ತಿ ಬಿಡುವುದೂ ಬೇಡ. ಕಾಫಿ ತಪ್ಪಿದ್ದಕ್ಕೇ ತಲೆನೋವು ಬಂದು, ಅದಕ್ಕೂ ರೇಖಿಯ ಹೆಸರು ಅಂಟುತ್ತದೆ. ಸಡಿಲವಾದ ಬಟ್ಟೆ ಇರಲಿ. ಬೆಲ್ಟ್, ಕನ್ನಡಕ, ಗಡಿಯಾರ, ಚುಚ್ಚುವ ಒಡವೆ ತೆಗೆದಿಡಿ. ಲೋಹ ಶಕ್ತಿಯನ್ನು ತಡೆಯುತ್ತದೆ ಎಂಬ ಕಾರಣಕ್ಕಲ್ಲ, ಒಂದು ಗಂಟೆ ಅಲುಗದೆ ಮಲಗಿದಾಗ ಒತ್ತುತ್ತದೆಂದು. ಬಟ್ಟೆ ಬಿಚ್ಚಬೇಕಾದ ಹಂತ ರೇಖಿಯಲ್ಲಿ ಎಲ್ಲೂ ಇಲ್ಲ. ಬಿಚ್ಚಲು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮೂತ್ರಕ್ಕೆ ಹೋಗಿ ಬಂದೇ ಮಲಗಿ. ಅರ್ಧದಲ್ಲಿ ಏಳಬೇಕಾಗಿ ಬರುವುದಕ್ಕೆ ಮುಕ್ಕಾಲುಪಾಲು ಕಾರಣ ಅದೇ, ಸಂಕೋಚದಿಂದ ತಡೆದುಕೊಂಡರೆ ವಿಶ್ರಾಂತಿ ಇನ್ನೆಲ್ಲಿಯದು?

ಕೋಣೆ ಹೇಗಿರಬೇಕೆಂಬುದು ಹೀಲರ್‌ಗಳಿಗೂ ಹೇಳುವ ಮಾತು. ಗಾಳಿಯಾಡಬೇಕು, ಆದರೆ ಫ್ಯಾನು ನೇರ ಮೈಮೇಲೆ ಬೀಸಬಾರದು. ಮಲಗಿದ ಇಪ್ಪತ್ತು ನಿಮಿಷಕ್ಕೆ ಮೈ ತಣ್ಣಗಾಗುತ್ತದೆ. ಹೊದೆಯಲು ತೆಳು ಬಟ್ಟೆಯೊಂದು ಕೈಗೆಟುಕುವಲ್ಲಿರಲಿ. ತಲೆಯ ಕೆಳಗೆ ತೆಳು ದಿಂಬು, ಮಂಡಿಯ ಕೆಳಗೆ ಸ್ವಲ್ಪ ದಪ್ಪದ್ದು. ಮಂಡಿ ಬಾಗಿದರೆ ಸೊಂಟದ ಕಮಾನು ಹಾಸಿಗೆಗೆ ಕೂರುತ್ತದೆ. ಈ ಒಂದು ದಿಂಬು ಮರೆತರೆ ಸೊಂಟನೋವಿನವರು ಹದಿನೈದನೇ ನಿಮಿಷಕ್ಕೆ ಮಿಸುಕಾಡತೊಡಗುತ್ತಾರೆ. ದಿಂಬಿನ ಕವರು ಒಬ್ಬೊಬ್ಬರಿಗೂ ಹೊಸದಾಗಿ ಒಗೆದದ್ದಿರಬೇಕು. ಹೀಲರ್ ಸೋಪು ಹಾಕಿ ಕೈ ತೊಳೆದು, ಒರೆಸಿ, ಉಜ್ಜಿ ಬೆಚ್ಚಗೆ ಮಾಡಿಕೊಂಡಿರಬೇಕು, ಉಗುರು ಕತ್ತರಿಸಿರಬೇಕು. ಮಂಚ ಹೀಲರ್‌ನ ಸೊಂಟದ ಎತ್ತರಕ್ಕಿದ್ದರೆ ಒಳ್ಳೆಯದು. ತಲೆಯ ಭಾಗಕ್ಕೆ ಕೈ ಇಡುವಾಗ ಕುರ್ಚಿ ಬೇಕೇ ಬೇಕು. ಬಗ್ಗಿ ನಿಂತು ಐದು ನಿಮಿಷ ಕೈ ಚಾಚಿದರೆ ತೋಳು ಸೋಲುತ್ತದೆ, ಸೋತ ತೋಳಿನ ಭಾರವೆಲ್ಲ ಮಲಗಿದವರ ಮುಖದ ಮೇಲೆ ಇಳಿಯುತ್ತದೆ. ‘ಕೈ ಭಾರವಾಯಿತು, ಶಕ್ತಿ ಜೋರಾಗಿ ಹರಿಯುತ್ತಿದೆ’ ಎಂದು ಆಗ ಅರ್ಥ ಹಚ್ಚುವುದು ತಪ್ಪು, ಮೊಣಕೈಗೆ ಆಸರೆ ಕೊಡುವುದು ಸರಿ.

ಶುರುವಿನಲ್ಲಿ ಹೀಲರ್ ಎದೆಯ ಮುಂದೆ ಕೈ ಜೋಡಿಸಿ ಒಂದೆರಡು ನಿಮಿಷ ಮೌನವಾಗಿರುತ್ತಾರೆ. ಜಪಾನಿ ಪದ್ಧತಿಯಲ್ಲಿ ಇದಕ್ಕೆ ಗಶ್ಶೊ ಎನ್ನುತ್ತಾರೆ. ಕೆಲವರು ಅದಕ್ಕೂ ಮೊದಲು ಭುಜದಿಂದ ಓರೆಯಾಗಿ ಎದುರು ಸೊಂಟದವರೆಗೆ, ಆಮೇಲೆ ತೋಳಿನುದ್ದಕ್ಕೆ ತಮ್ಮ ಮೈಯನ್ನು ತಾವೇ ಸವರಿಕೊಳ್ಳುತ್ತಾರೆ, ಅದು ಕೆನ್ಯೊಕು. ನಿಮ್ಮಿಂದ ಆಗಬೇಕಾದದ್ದೇನೂ ಇಲ್ಲ, ಕಣ್ಣು ಮುಚ್ಚಿದರೆ ಸಾಕು. ಮುಚ್ಚಲು ಹಿಂಜರಿಕೆಯಾದರೆ ತೆರೆದೇ ಇಟ್ಟುಕೊಳ್ಳಿ. ಬೇಡವೆನಿಸಿದಾಗ ಕೈ ಎತ್ತಿದರೆ ನಿಲ್ಲಿಸಬೇಕು ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಿ.

ಸಾಮಾನ್ಯವಾಗಿ ಹನ್ನೆರಡು ಜಾಗ, ಒಂದೊಂದರಲ್ಲೂ ಮೂರರಿಂದ ಐದು ನಿಮಿಷ. ಹೀಗೆ ಅರ್ಧ ಗಂಟೆಗೂ ಹೆಚ್ಚು, ಒಂದು ಗಂಟೆಯವರೆಗೆ ಆಗುತ್ತದೆ. ಮೊದಲ ಸಲಕ್ಕೆ ಮುಕ್ಕಾಲು ಗಂಟೆ ಸಾಕೆಂಬುದು ನಮ್ಮ ಅಭಿಪ್ರಾಯ. ಬೋರಲು ಮಲಗಿಸುವುದೂ ಬೇಡ. ಆಗತಾನೇ ಸಡಿಲಗೊಂಡ ಮೈಯನ್ನು ಎಬ್ಬಿಸಿ ಹೊರಳಿಸಿದರೆ ಗಳಿಸಿದ ನೆಮ್ಮದಿಯೆಲ್ಲ ಹೋಗುತ್ತದೆ, ಬೋರಲು ಮಲಗಿ ಕತ್ತು ಒಂದೇ ಕಡೆ ತಿರುಗಿದ್ದರೆ ನೋವೂ ಬರುತ್ತದೆ.

ಕ್ರಮದ ಮೊದಲಿಗೆ ಕಣ್ಣು, ಹಣೆ. ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ, ಹೆಬ್ಬೆರಳುಗಳು ಹುಬ್ಬುಗಳ ನಡುವೆ ಸೇರುವ ಹಾಗೆ ಇಡಬೇಕು. ಕಣ್ಣುಗುಡ್ಡೆಯ ಮೇಲೆ ಒತ್ತಡ ಬೀಳಬಾರದು, ಮೂಗು ತೆರೆದಿರಬೇಕು. ಕಣ್ಣಿನ ಶಸ್ತ್ರಚಿಕಿತ್ಸೆಯಾದವರಿಗೆ ಈ ಜಾಗವನ್ನು ಬಿಟ್ಟು ಹಣೆಯಷ್ಟೇ ಸಾಕು. ನಂತರ ಕಿವಿಯ ಮುಂದಿನ ಕಣತಲೆ. ಅದಾದ ಮೇಲೆ ತಲೆಯ ಹಿಂಭಾಗ, ಹೊಸಬರಿಗೆ ಬಹಳ ಹಿಡಿಸುವುದು ಇದೇ. ತಲೆಯನ್ನು ಎತ್ತಬಾರದು. ಒಂದು ಕೈಯಿಂದ ಮೆಲ್ಲಗೆ ಬಲಕ್ಕೆ ಹೊರಳಿಸಿ, ಎಡಗೈ ಕೆಳಗೆ ತೂರಿಸಿ, ಮತ್ತೆ ಎಡಕ್ಕೆ ಹೊರಳಿಸಿ ಬಲಗೈ ತೂರಿಸಬೇಕು. ತಲೆಯ ತೂಕ ನಾಲ್ಕೈದು ಕಿಲೊ. ಅದನ್ನು ಇನ್ನೊಬ್ಬರ ಕೈಗೆ ಪೂರ್ತಿ ಬಿಟ್ಟುಕೊಡಲು ಮೊದಲ ಸಲ ಯಾರಿಗೂ ಸಲೀಸಾಗಿ ಆಗುವುದಿಲ್ಲ, ಮಲಗಿದವರು ತಾವೇ ಎತ್ತಿ ಸಹಾಯ ಮಾಡಲು ನೋಡುತ್ತಾರೆ. ‘ನೀವು ಎತ್ತಬೇಡಿ, ನಾನು ಹಿಡಿದಿದ್ದೇನೆ’ ಎಂಬ ಒಂದೇ ಮಾತು ಇಲ್ಲಿ ಕೆಲಸ ಮಾಡುತ್ತದೆ.

ಗಂಟಲಿನ ಜಾಗದಲ್ಲೇ ಹೆಚ್ಚು ಎಡವಟ್ಟಾಗುವುದು. ಕೊರಳ ಮೇಲೆ ಯಾರೇ ಕೈ ಇಟ್ಟರೂ ಉಸಿರು ಬಿಗಿಹಿಡಿಯುವುದು ಮೈಯ ಸಹಜ ಗುಣ. ‘ಗಂಟಲ ಚಕ್ರ ಮುಚ್ಚಿಹೋಗಿದೆ’ ಎಂದು ಅದಕ್ಕೆ ಅರ್ಥ ಹೇಳಿ ಹೊಸಬರನ್ನು ಹೆದರಿಸುವವರಿದ್ದಾರೆ. ಕೈಯನ್ನು ಕೊರಳಿನ ಬದಲು ಅದರ ಕೆಳಗಿನ ಅಡ್ಡ ಮೂಳೆಗಳ ಮೇಲಿಟ್ಟರೆ ಬಿಗಿತ ತಾನೇ ಹೋಗುತ್ತದೆ. ಎದೆಯ ವಿಷಯದಲ್ಲೂ ಇಷ್ಟೇ ಕಟ್ಟುನಿಟ್ಟು ಬೇಕು. ಹೆಂಗಸರಿಗೆ ಆ ಅಡ್ಡ ಮೂಳೆಗಳಿಂದ ಕೆಳಕ್ಕೆ ಕೈ ಇಳಿಯಬಾರದು, ಅಲ್ಲಿಂದ ನೇರ ಕೆಳಪಕ್ಕೆಲುಬಿಗೆ ಹೋಗಬೇಕು. ಆಮೇಲೆ ಹೊಕ್ಕುಳ ಮೇಲ್ಭಾಗ, ಹೊಕ್ಕುಳ ಕೆಳಭಾಗ. ಕೊನೆಯದಕ್ಕೆ ಕೈಗಳು ಸೊಂಟದ ಎರಡು ಮೂಳೆಗಳ ಮೇಲಿರಬೇಕು, ತೊಡೆಸಂದಿಯ ಹತ್ತಿರವೂ ಹೋಗಬಾರದು. ಎದೆ, ತೊಡೆಸಂದಿ ಮುಟ್ಟುವ ಅಗತ್ಯ ರೇಖಿಯಲ್ಲಿಲ್ಲ. ‘ಅಲ್ಲಿಯೇ ಶಕ್ತಿ ಕಟ್ಟಿಕೊಂಡಿದೆ’ ಎಂದು ಯಾರಾದರೂ ಹೇಳಿದರೆ ಅದು ರೇಖಿಯ ಮಾತಲ್ಲ, ದುರುದ್ದೇಶದ ಮಾತು. ಕೂಡಲೇ ಎದ್ದು ಹೊರಗೆ ಬಂದು ದೂರು ಕೊಡಿ. ಮುಂದೆ ಮಂಡಿ, ಪಾದದ ಗಂಟು, ಅಂಗಾಲು. ಅಂಗಾಲಿಗೆ ಹಗುರವಾಗಿ ಕೈ ತಾಗಿದರೆ ಕಚಗುಳಿಯಾಗುತ್ತದೆ. ಅಲ್ಲಿ ಮಾತ್ರ ಅಂಗೈ ಪೂರ್ತಿ ಒತ್ತಿ ಹಿಡಿಯಬೇಕು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಎರಡೂ ಕೈ ಒಟ್ಟಿಗೆ ತೆಗೆಯದೆ ಒಂದೊಂದಾಗಿ ಸರಿಸಿದರೆ ಮಲಗಿದವರು ಬೆಚ್ಚುವುದಿಲ್ಲ.

ಏನು ಅನುಭವಕ್ಕೆ ಬರುತ್ತದೆ? ಬಿಸಿ, ಜುಮುಜುಮು, ಮೈ ಭಾರ, ಹೊಟ್ಟೆಯ ಗುಳುಗುಳು, ನಿದ್ದೆ, ಕೆಲವೊಮ್ಮೆ ಕಾರಣವಿಲ್ಲದೆ ಕಣ್ಣೀರು. ಇವಕ್ಕೆಲ್ಲ ಮೈಯೊಳಗೇ ಕಾರಣ ಸಿಗುತ್ತದೆ. ಅಂಗೈಗೂ ಮೈಗೂ ನಡುವೆ ಶಾಖ ನಿಂತು ಎರಡು ಮೂರು ನಿಮಿಷಕ್ಕೆ ಬಿಸಿಯೆನಿಸುತ್ತದೆ. ಆತಂಕ ಇಳಿದಾಗ ವಿಶ್ರಾಂತಿಯನ್ನು ನೋಡಿಕೊಳ್ಳುವ ನರವ್ಯೂಹ ಮೇಲುಗೈಯಾಗಿ ಎದೆಬಡಿತ ನಿಧಾನವಾಗುತ್ತದೆ, ಕೈಕಾಲಿನ ರಕ್ತನಾಳ ಹಿಗ್ಗಿ ಬೆಚ್ಚಗಾಗುತ್ತದೆ, ಕರುಳು ಚುರುಕಾಗಿ ಸದ್ದು ಮಾಡುತ್ತದೆ. ನಿದ್ದೆಗೆ ಜಾರುವ ಗಳಿಗೆಯಲ್ಲಿ ಕಾಲು ಎಗರುವುದು ಎಲ್ಲರಿಗೂ ಮನೆಯಲ್ಲೂ ಆಗುವಂಥದ್ದೇ. ಮೈಯ ಒಂದು ಭಾಗಕ್ಕೆ ಗಮನ ಕೊಟ್ಟು ಸುಮ್ಮನಿದ್ದರೆ ಅಲ್ಲಿ ಜುಮುಜುಮು ಹುಟ್ಟುತ್ತದೆ. ಈಗಲೇ ಎಡ ಅಂಗೈಯ ಮೇಲೆ ಒಂದು ನಿಮಿಷ ಗಮನವಿಟ್ಟು ನೋಡಬಹುದು. ಇವೆಲ್ಲ ಗೊತ್ತಿದ್ದರೂ ಅನುಭವದ ಸುಖಕ್ಕೆ ಕುಂದಿಲ್ಲ. ಏನೂ ಅನಿಸದವರೂ ಬಹಳ ಮಂದಿ. ಅವರಲ್ಲಿ ಯಾವ ದೋಷವೂ ಇಲ್ಲ. ‘ನೀವು ಮನಸ್ಸು ತೆರೆಯಲಿಲ್ಲ’ ಎಂದು ತಪ್ಪನ್ನು ಮಲಗಿದವರ ತಲೆಗೆ ಕಟ್ಟುವುದು ಕೆಟ್ಟ ಅಭ್ಯಾಸ.

ಕಣ್ಣೀರು ಬಂದಾಗ ಹೀಲರ್ ಸುಮ್ಮನೆ ಒಂದು ಕರವಸ್ತ್ರ ಕೊಟ್ಟು, ‘ಮುಂದುವರಿಸಲೇ?’ ಎಂದು ಕೇಳಬೇಕು, ಅಷ್ಟೇ. ಬಾಲ್ಯದ ನೋವು, ಹಿಂದಿನ ಜನ್ಮ ಎಂದೆಲ್ಲ ಕೆದಕುವುದು ಅವರ ಕೆಲಸವಲ್ಲ, ಅದಕ್ಕೆ ತರಬೇತಿಯೂ ಅವರಿಗಿಲ್ಲ. ರೋಗದ ಮಾತೂ ಹಾಗೆಯೇ. ಕೈಗೆ ತಟ್ಟುವ ಬಿಸಿ, ಮಿಡಿತದಿಂದ ತೊಂದರೆಯ ಜಾಗ ಗುರುತಿಸುವ ಬ್ಯೋಸೆನ್ ಎಂಬ ಅಭ್ಯಾಸ ಜಪಾನಿ ರೇಖಿಯಲ್ಲಿದೆ. ಎಲ್ಲಿ ಹೆಚ್ಚು ಹೊತ್ತು ಕೈ ಇಡಬೇಕೆಂದು ನಿರ್ಧರಿಸಿಕೊಳ್ಳಲು ಹೀಲರ್ ಅದನ್ನು ಬಳಸಿಕೊಳ್ಳಲಿ. ಆದರೆ ‘ನಿಮ್ಮ ಲಿವರ್ ಸರಿಯಿಲ್ಲ’ ಎಂದು ಬಾಯಿಬಿಟ್ಟರೆ ಗೆರೆ ದಾಟಿದಂತೆ. ಇಲ್ಲದ ರೋಗದ ಭಯ ಹತ್ತಿಸಬಹುದು. ‘ಎಲ್ಲ ಸರಿಯಿದೆ’ ಎಂಬುದು ಇನ್ನೂ ಅಪಾಯ. ಎದೆಯಲ್ಲಿ ಗಂಟು ಕಂಡವರು ಆ ಮಾತು ನಂಬಿ ಪರೀಕ್ಷೆಯನ್ನು ತಿಂಗಳುಗಟ್ಟಲೆ ಮುಂದೂಡಿದರೆ ಹೊಣೆ ಯಾರು?

ಮುಗಿದ ಮೇಲೆ ಥಟ್ಟನೆ ಏಳಬೇಡಿ. ಮಗ್ಗುಲಿಗೆ ಹೊರಳಿ, ಕೈ ಊರಿ ಎದ್ದು, ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು ಆಮೇಲೆ ನಿಲ್ಲಿ. ಬಹಳ ಹೊತ್ತು ಮಲಗಿದ್ದು ನೇರ ನಿಂತರೆ ರಕ್ತ ಕಾಲಿಗಿಳಿದು ಕಣ್ಣುಕತ್ತಲೆ ಬರುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು, ವಯಸ್ಸಾದವರು ಬೀಳುವುದು ಹೀಗೆಯೇ. ಒಂದು ಲೋಟ ನೀರು ಕುಡಿಯಿರಿ. ಅದರಿಂದ ‘ವಿಷ ಹೊರಹೋಗುತ್ತದೆ’ ಎಂಬುದಕ್ಕೆ ಆಧಾರವಿಲ್ಲ, ಬಾಯಾರಿದ್ದರೆ ತೀರುತ್ತದೆ. ಮಂಪರು ಪೂರ್ತಿ ಬಿಡುವವರೆಗೆ ವಾಹನ ಓಡಿಸಬೇಡಿ.

ಮಾರನೇ ದಿನ ತಲೆನೋವು, ಸುಸ್ತು, ಜ್ವರ ಬಂದರೆ ಅದನ್ನು ‘ಹೀಲಿಂಗ್ ಕ್ರೈಸಿಸ್’ ಎಂದು ಕರೆದು, ಗುಣವಾಗುವ ಮೊದಲು ಹೆಚ್ಚಾಗುತ್ತದೆ, ತಾಳಿಕೊಳ್ಳಿ ಎನ್ನುವವರಿದ್ದಾರೆ. ಈ ವೃತ್ತಿಯಲ್ಲಿ ನಮಗೆ ಅತ್ಯಂತ ಕಳವಳ ತರುವ ಮಾತು ಇದು. ಈ ವಾದದಲ್ಲಿ ಹಾಯೆನಿಸಿದರೂ ರೇಖಿ ಗೆದ್ದಿತು, ಕೆಟ್ಟೆನಿಸಿದರೂ ರೇಖಿ ಗೆದ್ದಿತು, ರೋಗಿ ಮಾತ್ರ ವೈದ್ಯರ ಬಳಿ ಹೋಗದೆ ಉಳಿದ. ಜ್ವರಕ್ಕೆ, ಎದೆನೋವಿಗೆ, ಉಸಿರಾಟದ ತೊಂದರೆಗೆ, ಕೈಕಾಲು ಸೋಲುವುದಕ್ಕೆ ರೇಖಿಯಲ್ಲಿ ವಿವರಣೆ ಹುಡುಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ನಿಲ್ಲಿಸಿ, ಕಡಿಮೆ ಮಾಡಿ ಎನ್ನುವ ಅಧಿಕಾರ ಹೀಲರ್‌ಗೆ ಯಾವ ಹಂತದಲ್ಲೂ ಇಲ್ಲ. ಮೂರ್ಛೆಯ ಮಾತ್ರೆ, ಇನ್ಸುಲಿನ್, ಖಿನ್ನತೆಯ ಮಾತ್ರೆ ಹಠಾತ್ತನೆ ಬಿಟ್ಟರೆ ಆಗುವ ಅನಾಹುತ ಬಲ್ಲವರು ಅಂಥ ಮಾತನ್ನು ಬಾಯಿತಪ್ಪಿಯೂ ಆಡುವುದಿಲ್ಲ.

ಉಪಯೋಗವಾಯಿತೋ ಇಲ್ಲವೋ ಎಂದು ಅಳೆಯುವುದು ಹೇಗೆ? ಮಂಚದಿಂದ ಎದ್ದ ತಕ್ಷಣ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ, ಆ ಉತ್ತರಕ್ಕೆ ತೂಕ ಕಡಿಮೆ. ಹೋಗುವ ವಾರಕ್ಕೆ ಮೊದಲೇ ಒಂದು ಪುಸ್ತಕದಲ್ಲಿ ದಿನಾ ರಾತ್ರಿ ಮೂರು ಅಂಕ ಬರೆಯಿರಿ: ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಆತಂಕ ಎಷ್ಟು, ನಿದ್ದೆ ಎಷ್ಟು ಗಂಟೆ. ಸೆಷನ್ ನಂತರವೂ ಒಂದು ವಾರ ಬರೆಯಿರಿ. ಮೂರು ನಾಲ್ಕು ಸಲದ ನಂತರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲೇ ಬರೆಯತೊಡಗಿ ಎನ್ನುವುದಕ್ಕೆ ಕಾರಣವಿದೆ. ಜನ ಹೀಲರ್ ಬಳಿ ಹೋಗುವುದು ನೋವು ತೀರಾ ಹೆಚ್ಚಿದಾಗ. ಹೆಚ್ಚಿದ ನೋವು ಏನೂ ಮಾಡದಿದ್ದರೂ ಬಹುಪಾಲು ತಾನೇ ಇಳಿಯುತ್ತದೆ. ಆ ಇಳಿತದ ಶ್ರೇಯ ಆಗ ಕೈಗೆ ಸಿಕ್ಕಿದ್ದಕ್ಕೆಲ್ಲ ಹೋಗುತ್ತದೆ. ನಾಲ್ಕು ಸಲದ ನಂತರ ಅಂಕಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ಬಿಟ್ಟುಬಿಡಿ. ವ್ಯತ್ಯಾಸವಿಲ್ಲದಿದ್ದರೂ ಆ ಒಂದು ಗಂಟೆ ನಿಮಗೆ ಹಿತವಾಗಿದೆ, ಖರ್ಚೂ ಭಾರವಲ್ಲ ಎಂದಾದರೆ ಮುಂದುವರಿಸಲು ಅಷ್ಟೇ ಕಾರಣ ಸಾಕು, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಮೊದಲ ಸೆಷನ್ ಹಿಡಿಸಿತೆಂದು ಅದೇ ದಿನ ದೀಕ್ಷೆಗೆ ಹೆಸರು ಬರೆಸುವುದನ್ನು ನಾವು ಪ್ರೋತ್ಸಾಹಿಸುವುದಿಲ್ಲ. ಮೊದಲ ಹಂತದ ತರಗತಿ ಸಾಮಾನ್ಯವಾಗಿ ಎರಡು ದಿನದ್ದು. ಸ್ವಂತಕ್ಕೆ ಮಾಡಿಕೊಳ್ಳಲು ಅದು ಸಾಕು. ಎರಡನೇ ಹಂತದಲ್ಲಿ ಚಿಹ್ನೆಗಳು, ದೂರದ ರೇಖಿ. ಮೂರನೆಯದು ಕಲಿಸುವವರಿಗೆ. ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಮಾಸ್ಟರ್ ಪ್ರಮಾಣಪತ್ರ ಕೊಡುವ ತರಗತಿಗಳಿವೆ. ಗಂಟಲ ಬಿಗಿತ, ತಲೆ ಹೊರಳಿಸುವ ರೀತಿ, ಸಕ್ಕರೆ ಕಾಯಿಲೆಯವರ ಮಂಪರು ಇವನ್ನೆಲ್ಲ ಒಂದು ದಿನದಲ್ಲಿ ಯಾರೂ ಕಲಿಯಲಾರರು. ಕಲಿಯದೆ ಬೇರೆಯವರ ಮೈ ಮುಟ್ಟುವುದು ತಪ್ಪು. ಮನೆಯಲ್ಲಿ ಪ್ರಯತ್ನಿಸಿ ನೋಡುವ ಆಸೆಯಿರುವವರು ದೀಕ್ಷೆಗೆ ಕಾಯಬೇಕಾಗಿಲ್ಲ. ರಾತ್ರಿ ಮಲಗಿ ಎರಡೂ ಕೈಯನ್ನು ಹಣೆ, ಎದೆ, ಹೊಟ್ಟೆಯ ಮೇಲೆ ಐದೈದು ನಿಮಿಷ ಇಟ್ಟು ಉಸಿರು ಗಮನಿಸಿದರೆ ಸಾಕು. ಮೊಣಕೈಯ ಕೆಳಗೆ ದಿಂಬಿರಲಿ, ಇಲ್ಲದಿದ್ದರೆ ಭುಜ ನೋಯುತ್ತದೆ. ಉಸುಯಿ ಹೇಳಿಕೊಟ್ಟ ಐದು ಸಾಲುಗಳನ್ನು ಆಗ ನೆನೆಯುವ ರೂಢಿ ಇದೆ: ಇಂದು ಒಂದು ದಿನ ಸಿಟ್ಟಾಗುವುದಿಲ್ಲ, ಚಿಂತಿಸುವುದಿಲ್ಲ, ಕೃತಜ್ಞತೆಯಿಂದಿರುತ್ತೇನೆ, ಶ್ರದ್ಧೆಯಿಂದ ದುಡಿಯುತ್ತೇನೆ, ಎಲ್ಲರಲ್ಲೂ ದಯೆಯಿಡುತ್ತೇನೆ. ರೇಖಿಯಲ್ಲಿ ಯಾವ ಪುರಾವೆಯನ್ನೂ ಕೇಳಬೇಕಿಲ್ಲದ ಭಾಗ ನಮ್ಮ ಪಾಲಿಗೆ ಇದು.

ಕೊನೆಯಲ್ಲಿ ಸಂಪಾದಕರಲ್ಲಿ ಒಂದು ವಿನಂತಿ. ರೇಖಿಯ ಕುರಿತ ಲೇಖನ, ಜಾಹೀರಾತುಗಳು ತಮ್ಮ ಮೇಜಿಗೆ ಬಂದಾಗ ಅವುಗಳಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಬಂಜೆತನ, ಬುದ್ಧಿಮಾಂದ್ಯದಂಥ ಹೆಸರುಗಳು ಗುಣವಾಗುವ ಭರವಸೆಯೊಂದಿಗೆ ಕಂಡರೆ ದಯವಿಟ್ಟು ಹಾಗೇ ಅಚ್ಚುಹಾಕಬೇಡಿ. ವಿಶ್ರಾಂತಿ, ನೆಮ್ಮದಿ ಎಂಬ ಮಾತುಗಳಿದ್ದರೆ ಹಾಕಿ. ಆ ಮಾತಿನ ಮೇಲೆ ನಡೆಯುವ ಹೀಲರ್‌ಗಳಿಗೆ ಇದರಿಂದ ಯಾವ ನಷ್ಟವೂ ಇಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ರೇಖಿ ಕಲಿಸುವ ಓದುಗರು